ಜೋಳದ ಗಾಲಿಚಾ, ಕೆಂಡದ ತಂಬಿಗೆ

ನಾನು ನಿಂತದ್ದು ಬಸವಕಲ್ಯಾಣದಲ್ಲಿ, ನನ್ನ ಅಕ್ಕನ ಮನೆಯಲ್ಲಿ, ಪಡಸಾಲೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲಿನಲ್ಲಿ. ಎಡಗಾಲು ಪಡಸಾಲೆಯ ಫರಸಿಗಲ್ಲಿನ ಮೇಲಿತ್ತು, ಬಲಗಾಲು ಹೊಸ್ತಿಲ ಮೇಲೆ. ಕೈಯಲ್ಲಿ ಚಹಾ ಕುಡಿದು ಖಾಲಿಯಾದ ಬಟ್ಟಲು. ಹೊತ್ತು, ಮಧ್ಯಾಹ್ನದ ಊಟ ಮುಗಿದು ಓಣಿಯ ನಾಯಿಗಳೂ ನೆರಳು ಹುಡುಕಿ ಮಲಗಿದ ಹೊತ್ತು. ದಿನ, ಅಕ್ಕನ ಮೊಮ್ಮಗನ ತೊಟ್ಟಿಲ ಕಾರ್ಯವಾದ ಮರುದಿನ. ಹೊಸ್ತಿಲ ಮೇಲೆ ನಿಲ್ಲಬಾರದು ಎಂದು ಅಕ್ಕ ನಾನು ಚಡ್ಡಿ ಹಾಕುವ ಕಾಲದಿಂದ ಬೈಯುತ್ತ ಬಂದವಳು. ಆ ದಿನ ಬೈಯಲಿಲ್ಲ. ಅವಳ ಕಣ್ಣು ನೆಲದ ಮೇಲಿತ್ತು.

ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ನಿವೃತ್ತಿಯಾಗುವ ತನಕ ನಾನು ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನನಾಗಿದ್ದೆ. ಕಟಕಟೆ ಹತ್ತಿದ ಸಾಕ್ಷಿಗಳು ಮೊದಲು ಎಡವುತ್ತಿದ್ದದ್ದು ತಾವು ನಿಂತ ಜಾಗದ ವಿಷಯದಲ್ಲಿಯೇ. "ಅಲ್ಲೇ ಎಲ್ಲೋ ಇದ್ದೆನ್ರಿ" ಎಂದವನನ್ನು ವಕೀಲರು ಚಹಾದ ಹೊತ್ತಿಗೆ ಮುಗಿಸಿಬಿಡುತ್ತಿದ್ದರು. ಜೀವಮಾನವೆಲ್ಲ ಮಂದಿಯ ಹೆಸರು ಕೂಗಿದ್ದಾಯಿತು. ಇಲ್ಲಿ ಯಾರ ಹೆಸರನ್ನೂ ಕೂಗುವುದಿಲ್ಲ. ಕೂಗಿದರೆ ಅಕ್ಕ ನನಗೆ ಆ ಮನೆಯಲ್ಲಿ ರೊಟ್ಟಿ ಹಾಕುವುದಿಲ್ಲ.

ನೆಲದ ಮೇಲಿದ್ದದ್ದು ಗಾಲಿಚಾ, ದೊಡ್ಡ ಜಮಖಾನದಂಥ ಹಾಸು. ಅದು ಅಕ್ಕನದಲ್ಲ, ಅವಳ ಬೀಗತಿಯದು. ಅಕ್ಕನ ಮಗಳನ್ನು ಹುಮನಾಬಾದಿಗೆ ಕೊಟ್ಟಿದ್ದೇವೆ. ಮೊದಲ ಬಾಣಂತನ ತವರಲ್ಲೇ ಆಗಬೇಕಲ್ಲ, ಹಾಗಾಗಿ ತೊಟ್ಟಿಲ ಕಾರ್ಯ, ಕೂಸಿಗೆ ನಾಲ್ಕು ತಿಂಗಳಾದ ಮೇಲೆ, ಬಸವಕಲ್ಯಾಣದಲ್ಲಿ ನಡೆಯಿತು. ಆಗ ಹುಡುಗಿಯ ಅತ್ತೆ, ಅಂದರೆ ಅಕ್ಕನ ಬೀಗತಿ, "ನಿಮ್ಮ ಮನಿ ಫರಸಿ ಭಾಳ ಥಂಡಿ, ನಮ್ಮ ಕೂಸಿಗಿ ಆಗಂಗಿಲ್ಲ" ಎಂದು ತಮ್ಮ ಹೊಸ ಗಾಲಿಚಾವನ್ನು ಕಾರಿನ ಮೇಲೆ ಕಟ್ಟಿಸಿಕೊಂಡು ಬಂದರು. ಕೂಸು ತೊಟ್ಟಿಲಲ್ಲಿರುತ್ತದೆ, ಫರಸಿಯ ಮೇಲಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಂಥ ಗಾಲಿಚಾವನ್ನು ನಾನು ಹಿಂದೆ ಕಂಡಿರಲಿಲ್ಲ. ಗೋಧಿ ಬಣ್ಣ. ಕೈಯಿಟ್ಟರೆ ಕರುವಿನ ಮೈಯಂತೆ ನುಣುಪು. ಬೀಗತಿ ಅದನ್ನು ಹಾಸುತ್ತಲೇ ಹೇಳಿದರು.

"ಇದು ಉಣ್ಣಿ ಅಲ್ರಿ, ಹತ್ತೀನೂ ಅಲ್ಲ. ಮೆಕ್ಕಿಜ್ವಾಳದಿಂದ ದಾರ ತಗದು ಮಾಡ್ಯಾರ. ಚಹಾ ಚೆಲ್ಲಲಿ, ಅರಿಷಿಣ ಚೆಲ್ಲಲಿ, ಥಂಡ ನೀರಿನಾಗ ಅರಬಿ ಎದ್ದಿ ಒತ್ತಿದ್ರ ಸಾಫ್. ಬಿಸಿ ಮಾತ್ರ ತೋರಸಬಾರ್ದು."

ಮತ್ತೆ ಸ್ವಲ್ಪ ಹೊತ್ತಿಗೆ, ಯಾರೂ ಕೇಳದೆ, "ಬಿಸಿ ಬಿಲ್ಕುಲ್ ತೋರಸಬಾರ್ದ್ ನೋಡ್ರಿ" ಎಂದರು. ಒಂದೇ ಮಾತನ್ನು ಸಾಕ್ಷಿ ಯಾರೂ ಕೇಳದೆಯೇ ಎರಡನೆಯ ಸಲ ಹೇಳಿದರೆ ನಮ್ಮ ಜಡ್ಜ್ ಸಾಹೇಬರು ಕನ್ನಡಕ ಸರಿಪಡಿಸಿಕೊಳ್ಳುತ್ತಿದ್ದರು. ನನ್ನ ಬಳಿ ಕನ್ನಡಕವಿರಲಿಲ್ಲ.

ಗಾಲಿಚಾ ಪಡಸಾಲೆಗಿಂತ ಉದ್ದವಾಯಿತು. ಬಾಗಿಲ ಕಡೆಯ ತುದಿಯನ್ನು ಬೀಗತಿ ತಾವೇ ಬಗ್ಗಿ ಕೆಳಕ್ಕೆ ಮಡಚಿದರು. "ನಿಮ್ಮ ಮನಿ ಸಣ್ಣದ ಅದ, ಏನ್ ಮಾಡಾಕ ಬರ್ತದ, ಹಿಂಗ ಒಳಗ ಹಾಕೂಣು" ಎಂದರು. ಅಕ್ಕ ಮಡಿಕೆಯನ್ನು ನೋಡಿದಳು, ನನ್ನನ್ನು ನೋಡಿದಳು, ಅಡುಗೆಮನೆಗೆ ಹೋಗಿ ಒಂದು ಡಬ್ಬಿಯ ಮುಚ್ಚಳವನ್ನು ಜೋರಾಗಿ ಹಾಕಿದಳು.

ಆದರೆ ಅವಳನ್ನು ಹಿಡಿದ ಮಾತು ಮನೆ ಸಣ್ಣದು ಎಂಬುದಲ್ಲ, ಜೋಳ ಎಂಬುದು. ಜೋಳ ಎಂದ ಮೇಲೆ ತುಳಿಯುವುದು ಹೇಗೆ? ನಮ್ಮಲ್ಲಿ ರಾಶಿಯ ಮೇಲೆ ಚಪ್ಪಲಿ ಬಿಡದೆ ಕಾಲಿಡುವವರಿಲ್ಲ, ಒಂದು ಕಾಳು ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಅಕ್ಕ ಬಂದ ಹೆಂಗಸರಿಗೆಲ್ಲ ಬಾಗಿಲಲ್ಲೇ ಕಿವಿಯಲ್ಲಿ ಹೇಳಿದಳು. ಪರಿಣಾಮ ಏನಾಯಿತೆಂದರೆ, ಓಣಿಯ ಹೆಂಗಸರೆಲ್ಲ ಥಂಡಿ ಫರಸಿಯ ಮೇಲೆ ಗೋಡೆಗುಂಟ ಕುಳಿತರು, ನಡುವೆ ಗಾಲಿಚಾ ಕೆರೆಯ ಹಾಗೆ ಖಾಲಿ ಬಿದ್ದಿತ್ತು. ಒಬ್ಬ ಮುದುಕಿ ಅದಕ್ಕೆ ಅಂಚಿನಿಂದ ಕೈಮುಗಿದಳು. ಬೀಗತಿ ಒಬ್ಬರೇ ಅಡುಗೆಮನೆ ಕಡೆಯ ತುದಿಯಲ್ಲಿ, ಗಾಲಿಚಾ ಮೇಲೆ, ಲೋಡಿಗೆ ಒರಗಿ ಕುಳಿತು, "ಬರ್ರಿ, ಯಾಕ ಯಾರೂ ಮ್ಯಾಲ ಬರವಲ್ರಿ" ಎಂದು ಕರೆಯುತ್ತಿದ್ದರು.

ಊಟದಲ್ಲಿ ಹೋಳಿಗೆ. ಬೀಗತಿಗೆ ತುಪ್ಪ ಬಡಿಸಬೇಕು, ಗಾಲಿಚಾ ತುಳಿಯಬಾರದು. ಅಕ್ಕ ಫರಸಿಯ ಮೇಲೆ ನಿಂತು, ಸೊಂಟ ಬಗ್ಗಿಸಿ, ಬಾವಿಗೆ ಬಗ್ಗಿದಂತೆ ಬಗ್ಗಿ, ಕೈ ಚಾಚಿ ಬಡಿಸಿದಳು. ಹೋಳಿಗೆಗೆ ಸ್ವಲ್ಪ ಬಿತ್ತು. ಗಾಲಿಚಾಕ್ಕೆ ಬಹಳ ಬಿತ್ತು.

"ಏನಾಗಂಗಿಲ್ಲ ಬಿಡ್ರಿ ಬೀಗರ," ಎಂದರು ಬೀಗತಿ, ಬಹಳ ಪ್ರೀತಿಯಿಂದ. "ಸಾಫ್ ಮಾಡೇ ಕಳಸ್ತೀರಿ, ನಂಗ ಮಾಲೂಮ ಅದ."

ಆ ಮಾತಿನ ತೂಕ ಅಕ್ಕನಿಗೆ ಗೊತ್ತಾಯಿತು. ಕಲೆಯ ಸಮೇತ ಗಾಲಿಚಾ ಹುಮನಾಬಾದಿಗೆ ಹೋದರೆ ಕಲೆ ಅಕ್ಕನ ಮನೆಯಲ್ಲಿ ಇರುವುದಿಲ್ಲ, ಆ ಮನೆಯಲ್ಲಿರುತ್ತದೆ. ಆ ಮನೆಯಲ್ಲಿ ಇರಬೇಕಾದವಳು ಮಗಳು. ಬಂದವರೆಲ್ಲ "ಇದೇನಿದು" ಎನ್ನುತ್ತಾರೆ, ಅತ್ತೆ "ನಮ್ಮ ಸೊಸಿ ತವರಮನಿಯವ್ರ ಗುರ್ತು" ಎನ್ನುತ್ತಾರೆ, ಮಗಳು ಚಹಾ ತಂದಿಟ್ಟು ತಲೆ ತಗ್ಗಿಸಿ ಒಳಗೆ ಹೋಗುತ್ತಾಳೆ. ಗಾಲಿಚಾ ಸವೆಯುವ ತನಕ ಹೀಗೆಯೇ. ಅದು ಬೇಗ ಸವೆಯುವ ಮಾಲಲ್ಲ ಎಂದೂ ಬೀಗತಿ ಹೇಳಿದ್ದರು.

ಈಗ ಹೊಸ್ತಿಲಿಗೆ ಬರುತ್ತೇನೆ.

ಬೀಗರು ಗಾಲಿಚಾ ಬಿಟ್ಟು ಹಿಂದಿನ ಸಂಜೆಯೇ ಊರಿಗೆ ಹೋಗಿದ್ದರು. ಅಕ್ಕ ಬೆಳಿಗ್ಗೆಯಿಂದಲೇ ಕೆಲಸ ಶುರು ಮಾಡಿದ್ದಳು. ಮೊದಲು ತಣ್ಣೀರು. ತೊಟ್ಟಿಲ ಹತ್ತಿರ ಬಿದ್ದ ಅರಿಶಿನ, ಕುಂಕುಮ, ಯಾರದೋ ಚಹಾ, ಎಲ್ಲವೂ ಒದ್ದೆ ಅರಿವೆ ಒತ್ತಿದ ಮಾತ್ರಕ್ಕೆ ಬಿಟ್ಟು ಬಂದವು. ಅರಿಶಿನ ಹೀಗೆ ಬಿಡುವುದನ್ನು ನನ್ನ ಆಯುಷ್ಯದಲ್ಲಿ ನಾನು ನೋಡಿರಲಿಲ್ಲ. ಅಕ್ಕನಿಗೂ ಸ್ವಲ್ಪ ಭಕ್ತಿ ಬಂತು. ಆದರೆ ತುಪ್ಪ ಅಲುಗಲಿಲ್ಲ. ನೀರನ್ನು ಕಂಡರೆ ಅದು ಇನ್ನಷ್ಟು ಒಳಗೆ ಕುಳಿತಂತೆ ಕಂಡಿತು.

"ಜಿಡ್ಡಿಗಿ ಹಿಟ್ಟು" ಎಂದು ಅಕ್ಕ ಜೋಳದ ಹಿಟ್ಟಿನ ಡಬ್ಬಿ ತಂದಳು. ಕಲೆಯ ಮೇಲೆ ಹಿಟ್ಟು ಹರವಿದಳು, ಅದರ ಮೇಲೆ ಹಳೆಯ ಪೇಪರು ಹಾಸಿದಳು. ಆಮೇಲೆ ಅವಳು ಹಿತ್ತಲಿಗೆ ಹೋಗಿ ಹಿತ್ತಾಳೆ ತಂಬಿಗೆ ಹಿಡಿದುಕೊಂಡು ಬಂದಳು. ತಂಬಿಗೆಯ ತುಂಬ ಒಲೆಯ ಕೆಂಡವಿತ್ತು. ಕಂಠವನ್ನು ಒದ್ದೆ ಅರಿವೆಯಿಂದ ಹಿಡಿದಿದ್ದಳು. ಇಸ್ತ್ರಿ ಪೆಟ್ಟಿಗೆ ಇಲ್ಲದ ಕಾಲದಲ್ಲಿ ನಮ್ಮವ್ವ ಅಪ್ಪನ ಧೋತರವನ್ನು ಇದೇ ತಂಬಿಗೆಯಿಂದ ತೀಡುತ್ತಿದ್ದಳು. ರೇಷ್ಮೆಯ ಮೇಲೆ ಎಣ್ಣೆ ಬಿದ್ದರೂ ಇದೇ ಔಷಧ, ಹಿಟ್ಟು, ಕಾಗದ, ಕೆಂಡದ ತಂಬಿಗೆ. ಅಕ್ಕನ ಮನೆಯಲ್ಲಿ ಕರೆಂಟಿನ ಇಸ್ತ್ರಿ ಇದೆ. ಅದರ ಮೇಲೆ ಅವಳಿಗೆ ನಂಬಿಕೆಯಿಲ್ಲ.

"ಅಕ್ಕಾ, ಬಿಸಿ ತೋರಸಬ್ಯಾಡ ಅಂದಾರ" ಎಂದೆ.

"ಯಾರು?"

"ಬೀಗರು. ಎರಡ ಸಲ ಅಂದಾರ."

"ತಮ್ಮಾ, ಇದು ಯಾತರದು?"

"ಮೆಕ್ಕಿಜ್ವಾಳದ್ದು."

"ಮೆಕ್ಕಿ ತೆನಿ ಹ್ಯಾಂಗ ತಿಂತಿ?"

"ಸುಟ್ಟು."

"ಎದರಾಗ?"

"ಕೆಂಡದಾಗ."

"ಕರಗ್ತದೇನು?"

ಪಾಟೀಸವಾಲು ಮುಗಿಯಿತು. ಕೋರ್ಟಿನಲ್ಲಿ ಇಂಥ ವಕೀಲರನ್ನು ನಾನು ಬಹಳ ನೋಡಿಲ್ಲ.

ತಂಬಿಗೆಯನ್ನು ಪೇಪರಿನ ಮೇಲೆ ಇಟ್ಟು ಅಕ್ಕ ಅಂಗೈಯ ಭಾರ ಹಾಕಿ ಒತ್ತಿದಳು. ಹಿಟ್ಟು ಹುರಿದ ವಾಸನೆ ಬಂತು, ರೊಟ್ಟಿಯ ವಾಸನೆ. "ನೋಡಿದ್ಯಾ" ಎಂಬಂತೆ ಅಕ್ಕ ನನ್ನತ್ತ ಕಣ್ಣೆತ್ತಿದಳು. ಆಮೇಲೆ ರೊಟ್ಟಿಯದಲ್ಲದ ವಾಸನೆ ಬಂತು, ಹೊಸ ಬಕೆಟ್ಟನ್ನು ಒಲೆಯ ಹತ್ತಿರ ಮರೆತಾಗ ಬರುವಂಥದು. ಅಕ್ಕ ತಂಬಿಗೆ ಎತ್ತಿದಳು. ಅದು ಸುಮ್ಮನೆ ಮೇಲೆ ಬರಲಿಲ್ಲ, ಬೆಲ್ಲದ ಪಾಕದಿಂದ ಎದ್ದಂತೆ ಸ್ವಲ್ಪ ಎಳೆಯುತ್ತ ಬಂತು. ಪೇಪರು ಅರ್ಧ ಬಂತು, ಅರ್ಧ ಅಲ್ಲೇ ಉಳಿಯಿತು. ನುಣುಪಾದ ಕರುವಿನ ಮೈಯ ಮೇಲೆ ತಂಬಿಗೆಯ ತಳದಷ್ಟೇ ಅಳತೆಯ ಒಂದು ಗುಂಡನೆಯ, ಮಿರಿಮಿರಿ ಮಿಂಚುವ, ಹಪ್ಪಳದಂಥ ಗಟ್ಟಿ ಬಿಲ್ಲೆ ಕುಳಿತಿತ್ತು. ಅದರಲ್ಲಿ ಕಿಟಕಿಯ ಬೆಳಕು ಕಾಣುತ್ತಿತ್ತು.

ನಾನು ಹೊಸ್ತಿಲ ಮೇಲಿದ್ದ ಬಲಗಾಲನ್ನೂ ಇಳಿಸಿದೆ.

ವಾಸನೆಗೆ ಒಳಕೋಣೆಯಿಂದ ಬಾಣಂತಿ ಮಗಳು ಕೂಸನ್ನು ಎತ್ತಿಕೊಂಡು ಬಂದಳು. ನೋಡಿದಳು. ಕಾಲೇಜು ಓದಿದ ಹುಡುಗಿ.

"ಅವ್ವಾ, ಅದು ಜ್ವಾಳ ಅಲ್ಲ. ಜ್ವಾಳದಿಂದ ಮಾಡಿದ ಪ್ಲಾಸ್ಟಿಕ್ ಇದ್ದಂಗ. ಪಾತ್ರಿ ತಿಕ್ಕೋ ಸಾಬಾಣ ಹಚ್ಚಿದ್ರ ತುಪ್ಪ ಹೋಗ್ತಿತ್ತು."

"ಮೊದಲ ಯಾಕ ಹೇಳಲಿಲ್ಲ?"

"ನೀ ಮೊದಲ ಯಾಕ ಎಬ್ಬಸಲಿಲ್ಲ?"

"ಬಾಣಂತಿಗಿ ಎಬ್ಬಸ್ತಾರೇನು?" ಎಂದಳು ಅಕ್ಕ, ಧ್ವನಿ ಏರಿಸಿ. ಆಮೇಲೆ ಮಗಳ ಮುಖ ನೋಡಿ ಧ್ವನಿ ಇಳಿಸಿದಳು. ಮಗಳು ಕೂಸನ್ನು ಸೊಂಟಕ್ಕೆ ಏರಿಸಿಕೊಂಡಳು. ಆ ಬಿಲ್ಲೆಯ ಮುಂದೆ ತಾನು ಚಹಾದ ತಟ್ಟೆ ಹಿಡಿದು ನಿಂತದ್ದು ಆಗಲೇ ಅವಳಿಗೆ ಕಾಣಿಸಿತ್ತೆಂದು ನನಗನ್ನಿಸಿತು. ಕೂಸೊಂದೇ ಆ ಹೊಳಪಿನ ಕಡೆಗೆ ಕೈ ಚಾಚಿ ಕೇಕೆ ಹಾಕಿತು.

ಅಕ್ಕ ಬಿಲ್ಲೆಯನ್ನು ಉಗುರಿನಿಂದ ಕೆರೆದಳು, ಬ್ಲೇಡಿನಿಂದ ಕೆರೆದಳು, ಕೊಬ್ಬರಿಎಣ್ಣೆ ಹಚ್ಚಿದಳು. ಎಣ್ಣೆ ಹಚ್ಚಿದ ಮೇಲೆ ಇನ್ನೂ ಚೆನ್ನಾಗಿ ಹೊಳೆಯಿತು. ಕೊನೆಗೆ ಗಾಲಿಚಾವನ್ನು ಸುತ್ತುವುದೆಂದು ತೀರ್ಮಾನವಾಯಿತು. ಅಡುಗೆಮನೆ ಕಡೆಯಿಂದ ಶುರುಮಾಡಿ, ಬಿಲ್ಲೆ ಎಲ್ಲಕ್ಕಿಂತ ಒಳಗೆ ಹೋಗುವಂತೆ ಸುತ್ತಿದೆವು. ಸುತ್ತುತ್ತ ಬಾಗಿಲ ಕಡೆಯ ಮಡಿಕೆಗೆ ಬಂದಾಗ, ಅದನ್ನು ಬಿಡಿಸೋಣವೇ ಎಂದು ಕೇಳಿದೆ.

"ಬ್ಯಾಡ. ಅವ್ರು ಮಡಚಿದ್ದು ಅವ್ರೇ ಬಿಚ್ಚಲಿ. ನಮ್ಮ ಮನಿ ಸಣ್ಣದಲ್ಲ."

ಮಡಿಕೆ ಮಡಿಕೆಯಾಗಿಯೇ ಉಳಿಯಿತು. ಓದುವವರು ಇದನ್ನು ನೆನಪಿನಲ್ಲಿಡಬೇಕು.

"ನಾಳಿ ನೀನೂ ಬರಬೇಕು," ಎಂದಳು ಅಕ್ಕ. "ನೀ ಕೋರ್ಟಿನಾಗ ಇದ್ದಾಂವ. ಏನರ ಕೇಳಿದ್ರ ನೀ ಹೇಳು."

"ಏನಂತ ಹೇಳ್ಲಿ?"

"ಅದು ನಿನ್ನ ಕೆಲಸ."

ಮರುದಿನ ಗಾಲಿಚಾವನ್ನು ಹೆಗಲ ಮೇಲೆ ಹೊತ್ತು ಹುಮನಾಬಾದಿನ ಬಸ್ಸು ಹತ್ತಿದೆ. ಬೀಗರ ಕಾರು ಬರುವ ತನಕ ಕಾಯೋಣವೆಂದರೆ ಅಕ್ಕ ಒಪ್ಪಲಿಲ್ಲ, ಅವರು ನಮ್ಮ ಮನೆಯಲ್ಲೇ ಬಿಚ್ಚಿ ನೋಡಿದರೆ ಓಡಿಹೋಗಲು ಜಾಗವಿರುವುದಿಲ್ಲ ಎಂದಳು. ಗಾಲಿಚಾವನ್ನು ಸೀಟುಗಳ ನಡುವೆ ಅಡ್ಡ ಮಲಗಿಸಿದೆವು. ದಾರಿಯ ಬಂಗ್ಲಾ ಸ್ಟಾಪಿನಲ್ಲಿ ಹತ್ತಿದ ಒಬ್ಬ ರುಮಾಲಿನ ಮುದುಕ ಅದನ್ನು ದಾಟಿಹೋಗುವ ಮೊದಲು ನಿಂತ.

"ಯಾರ ಹೆಣ ಇದು?"

"ಹೆಣ ಅಲ್ರೀ ಕಾಕಾ, ಗಾಲಿಚಾ. ಮೆಕ್ಕಿಜ್ವಾಳದಿಂದ ಮಾಡಿದ್ದು" ಎಂದೆ. ಹೇಳಬಾರದಿತ್ತು.

"ದಾರ ತಗದ ಮ್ಯಾಲ ಕಾಳು ಏನ್ ಮಾಡಿದ್ರು?"

"ಕಾಳಿನಿಂದಲೇ ದಾರ."

ಮುದುಕ ರುಮಾಲು ಸರಿಮಾಡಿಕೊಂಡ. "ಹಂಗಾದ್ರ ರಾತ್ರಿ ಇಲಿ ಬರ್ತಾವ ಅನ್ರಿ."

ಬಸ್ಸಿನ ಹಿಂದಿನಿಂದ ಯಾರೋ, "ಗುಬ್ಬಿನೂ ಬರ್ತಾವ" ಎಂದರು. ಅಕ್ಕ ಸೆರಗನ್ನು ಹಣೆಯ ತನಕ ಎಳೆದುಕೊಂಡು ಕಿಟಕಿಯಾಚೆ ತೊಗರಿ ಹೊಲಗಳನ್ನು ನೋಡುತ್ತ ಕುಳಿತಳು. ಅವಳ ತುಟಿ ಅಲುಗುತ್ತಿತ್ತು. ದೇವರಿಗೆ ಹರಕೆ ಹೊರುತ್ತಿದ್ದಳೋ, ಮುದುಕನಿಗೆ ಬೈಯುತ್ತಿದ್ದಳೋ, ಕೇಳಿಸಲಿಲ್ಲ.

ಹುಮನಾಬಾದಿನ ಮನೆಯಲ್ಲಿ ನಾನು ಕುಳಿತದ್ದು ದೊಡ್ಡ ಹಾಲಿನಲ್ಲಿ, ಬಾಗಿಲ ಎಡಕ್ಕಿರುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಎದುರು ಮಂಚದ ಮೇಲೆ ಬೀಗತಿಯ ಅತ್ತೆ ಕುಳಿತಿದ್ದರು, ಬಹಳ ಹಿರಿಯ ಜೀವ. ಕಿವಿ ಮಂದ, ಕಣ್ಣು ಮಾತ್ರ ಹದ್ದಿನದು. ಅವರನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಗಾಲಿಚಾ ಅವರ ಕಾಲ ಬಳಿ ಸುತ್ತಿಕೊಂಡು ಬಿದ್ದಿತ್ತು.

ಇಲ್ಲಿ ನಾನು ಗಮನಿಸಿದ ಒಂದು ವಿಚಿತ್ರ ಹೇಳಬೇಕು. ಅದನ್ನು ಬಿಚ್ಚುವ ಮನಸ್ಸು ಅಕ್ಕನಿಗಿರಲಿಲ್ಲ, ಅದು ಸಹಜ. ಬೀಗತಿಗೂ ಇರಲಿಲ್ಲ.

"ಧೂಳ ಏಳ್ತದ, ಆಮ್ಯಾಲ ಬಿಚ್ಚಿದ್ರ ಆತು" ಎಂದಳು ಅಕ್ಕ.

"ಹೌದ್ರಿ ಬೀಗರ, ಮೂಲ್ಯಾಗ ನಿಂದರಸಿದ್ರ ಆತು. ಅವಸರ ಏನದ" ಎಂದರು ಬೀಗತಿ.

"ಹಬ್ಬಕ್ಕ ಬಿಚ್ಚಿದ್ರ ಛಲೋ."

"ಹಬ್ಬಕ್ಕೇ ಬಿಚ್ಚೂಣು."

ಇಬ್ಬರೂ ಇಷ್ಟು ಬೇಗ ಒಪ್ಪಿದ್ದನ್ನು ಮದುವೆಯ ಮಾತುಕತೆಯಲ್ಲೂ ನಾನು ಕಂಡಿರಲಿಲ್ಲ.

ಆದರೆ ಆಯಿಗೆ ಈ ಒಪ್ಪಂದ ಕೇಳಿಸಿರಲಿಲ್ಲ. "ಕಾಲು ಥಂಡ ಆಗಾಕತ್ತಾವ" ಎನ್ನುತ್ತ ಮಂಚದಿಂದ ಕಾಲು ಇಳಿಬಿಟ್ಟು ಸುರುಳಿಯನ್ನು ಒದ್ದರು. ಆ ವಯಸ್ಸಿನಲ್ಲಿ ಅಂಥ ಒದೆತ. ಸುರುಳಿ ಹಾಲಿನ ಉದ್ದಕ್ಕೂ ಬಿಚ್ಚಿಕೊಳ್ಳುತ್ತ ಉರುಳಿತು. ಅಕ್ಕ ಅದರ ಹಿಂದೆ ಎರಡು ಹೆಜ್ಜೆ ಓಡಿ ನಿಂತಳು, ಹಿಡಿದರೂ ಕಷ್ಟ, ಬಿಟ್ಟರೂ ಕಷ್ಟ. ಕೊನೆಯ ಸುತ್ತು ಕಿಟಕಿಯ ಕೆಳಗೆ ಮೆಲ್ಲನೆ ಮಗುಚಿಕೊಂಡಿತು. ಬಿಸಿಲಿನಲ್ಲಿ ಬಿಲ್ಲೆ ಫಳ್ಳೆಂದಿತು.

ಬೀಗತಿ ನಡೆದುಹೋಗಿ ಬಗ್ಗಿದರು. ಬೆರಳಿನಿಂದ ಬಡಿದರು. ಟಕ್ ಟಕ್ ಎಂದಿತು.

"ಇದೇನ್ರಿ ಬೀಗರ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ.

ಆಗ ಮಂಚದಿಂದ ಆಯಿ, ಕುತ್ತಿಗೆ ಚಾಚಿ ನೋಡುತ್ತ, ಕಿವಿ ಮಂದ ಇದ್ದವರು ಮಾತಾಡುವಷ್ಟು ಜೋರಾಗಿ ಮಾತಾಡಿದರು.

"ಯವ್ವಾ, ಅದು ಈ ಕಡಿ ತುದಿಗಿ ಇತ್ತಲ್ಲ? ಆ ಕಡಿ ಹ್ಯಾಂಗ ಹೋಯ್ತು?"

ಅಕ್ಕನ ಕಣ್ಣು ನಿಧಾನವಾಗಿ ಕಿಟಕಿಯಿಂದ ಹೊರಟು, ಗಾಲಿಚಾದ ಉದ್ದ ದಾಟಿ, ಮಂಚದ ಬಳಿಯ ಮಡಿಕೆಗೆ ಬಂದು ನಿಂತಿತು. ಅವಳು ನಡೆದು ಬಂದಳು. ಈ ಸಲ ಗಾಲಿಚಾ ಮೇಲೆಯೇ ನಡೆದಳು, ಮುಟ್ಟಿ ನಮಸ್ಕರಿಸಲಿಲ್ಲ.

"ಅದು ಇರ್ಲಿ ಬಿಡ್ರಿ, ಮಡಚಿದ್ದೇ ಛಂದ ಕಾಣಸ್ತದ" ಎಂದರು ಬೀಗತಿ, ಕಿಟಕಿಯ ಕಡೆಯಿಂದ ಬೇಗ ಬೇಗ ಬರುತ್ತ.

"ಯಾಕ್ರಿ ಬೀಗರ," ಎಂದಳು ಅಕ್ಕ. "ನಿಮ್ಮ ಮನಿ ಸಣ್ಣದಲ್ಲಲ್ಲ."

ಮಡಿಕೆ ಬಿಚ್ಚಿದಳು. ಅಲ್ಲಿ, ತುದಿಯಿಂದ ಗೇಣಿನಷ್ಟು ಒಳಗೆ, ಗುಂಡನೆಯ, ಮಿಂಚುವ, ಹಪ್ಪಳದಂಥ ಇನ್ನೊಂದು ಬಿಲ್ಲೆ ಇತ್ತು.

ಅಂಥ ಗುಂಡನೆಯ ಗುರುತು ಯಾವುದರಿಂದ ಬೀಳುತ್ತದೆ ಎಂಬುದನ್ನು ನಮ್ಮ ಕಡೆಯ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಯಿ ಮಾತ್ರ ಮುಂದುವರಿಸಿದರು.

"ನಾ ಅವತ್ತೇ ಅಂದಿನಿ, ಕೆಂಡ ಭಾಳ ಆಗ್ಯಾವ ಅಂತ. ನನ್ನ ಮಾತು ಯಾರ ಕೇಳ್ತಾರ."

"ಅತ್ತಿ, ಚಹಾ ಆರಾಕತ್ತದ, ಕುಡೀರಿ" ಎಂದರು ಬೀಗತಿ. ಆಯಿಯ ಕೈಯಲ್ಲಿ ಬಟ್ಟಲೇ ಇರಲಿಲ್ಲ.

ಬೀಗತಿ ಸುಲಭಕ್ಕೆ ಸೋಲುವವರಲ್ಲ. ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ಅಣ್ಣಾರ, ನೀವು ಕೋರ್ಟಿನಾಗ ಇದ್ದಾವ್ರು, ಸುಳ್ಳು ಹೇಳಂಗಿಲ್ಲ. ಗಾಲಿಚಾ ನಿಮ್ಮ ಮನಿಗಿ ಬಂದಾಗ ಹ್ಯಾಂಗ ಇತ್ತು, ಹೇಳ್ರಿ."

ಅಷ್ಟು ವರ್ಷ ಮಂದಿಯನ್ನು ಕಟಕಟೆಗೆ ಕರೆದವನು ನಾನು. ನನ್ನನ್ನು ಯಾರೂ ಕರೆದಿರಲಿಲ್ಲ. ಕುರ್ಚಿಯಿಂದ ಎದ್ದು ನಿಂತೆ, ಯಾಕೆಂದರೆ ಸಾಕ್ಷಿ ಕುಳಿತು ಹೇಳುವ ಪದ್ಧತಿಯಿಲ್ಲ.

"ಬಂದಾಗ ಈ ತುದಿ ಮಡಚಿತ್ರಿ. ನಾವು ಬಿಚ್ಚಿ ನೋಡಿಲ್ಲ. ನೋಡದ್ದು ನಾ ಹೇಳಂಗಿಲ್ಲ," ಎಂದೆ. ಆಮೇಲೆ, "ನೋಡಿದ್ದು ನೀವು ಕೇಳಬ್ಯಾಡ್ರಿ" ಎಂದೆ.

ಬೀಗತಿ ಆ ತುದಿ, ಈ ತುದಿ ನೋಡಿದರು.

"ಜೋಡಿ ಆಯ್ತು ನೋಡ್ರಿ" ಎಂದರು ಕೊನೆಗೆ. "ಒಂದೇ ಇದ್ರ ಕಲೆ ಬಿದ್ದದ ಅಂತಾರ. ಎರಡೂ ತುದಿಗಿ ಇದ್ರ ಡಿಸೈನ್."

"ಕಂಪನಿಯವ್ರು ಹಾಂಗೇ ಕೊಟ್ಟಾರ" ಎಂದಳು ಅಕ್ಕ.

"ಹಾಂಗೇ ಕೊಟ್ಟಾರ."

"ಆದ್ರ ಬೀಗರ," ಎಂದಳು ಅಕ್ಕ, ಈ ಬಿಲ್ಲೆಯ ಮೇಲೆ ಗೇಣು ಇಟ್ಟು ಅಳೆಯುತ್ತ, "ನಿಮ್ಮ ತಂಬಿಗಿ ಜರಾ ಸಣ್ಣದ ಅದ."

ಬೀಗತಿ ಉತ್ತರ ಕೊಡಲಿಲ್ಲ. ಉಪ್ಪಿಟ್ಟು ಕೊಟ್ಟರು, ಮೇಲೆ ತುಪ್ಪ ಹಾಕಿ. ಇಬ್ಬರೂ ಗಾಲಿಚಾದಿಂದ ದೂರ ಕುಳಿತು ತಿಂದರು.

ವಾಪಸ್ಸು ಬರುವ ಬಸ್ಸಿನಲ್ಲಿ ಬಂಗ್ಲಾ ಬಂದಾಗ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ನಗತೊಡಗಿದಳು. ಇಳಿಯುವ ಹೊತ್ತಿಗೂ ನಗು ನಿಂತಿರಲಿಲ್ಲ, ನಾನು ಕೈ ಹಿಡಿದು ಇಳಿಸಬೇಕಾಯಿತು.

ಮಗಳು ಬಾಣಂತನ ಮುಗಿಸಿ ಕೂಸಿನ ಜೊತೆ ಹುಮನಾಬಾದಿಗೆ ಹೋದಳು. ಗಾಲಿಚಾ ಅಲ್ಲೇ ಹಾಲಿನಲ್ಲಿದೆ, ಪೂರ್ತಿ ಬಿಚ್ಚಿಕೊಂಡು. ಮಗಳು ಅದನ್ನು ತಣ್ಣೀರಿನಲ್ಲಿ ಅರಿವೆ ಅದ್ದಿ ಒರೆಸುತ್ತಾಳೆ. ಜಿಡ್ಡು ಬಿದ್ದರೆ ಪಾತ್ರೆ ತಿಕ್ಕುವ ಸಾಬೂನಿನ ಹನಿ ಹಾಕಿ ಬೆರಳಿನಿಂದ ತೀಡಿ, ಮತ್ತೆ ಒದ್ದೆ ಅರಿವೆ ಒತ್ತಿ, ನೆರಳಿನಲ್ಲಿ ಆರಲು ಬಿಡುತ್ತಾಳೆ. ಇಷ್ಟೇ ಕೆಲಸ. ಬಂದವರು ಆ ಎರಡು ಹೊಳೆಯುವ ಬಿಲ್ಲೆಗಳ ವಿಷಯ ಎತ್ತಿದರೆ, ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಓಡಿಬಂದು ಡಿಸೈನ್ ಎನ್ನುತ್ತಾರೆ. ಅವಳ ತವರಿನ ಮಾತು ಆ ಹಾಲಿನಲ್ಲಿ ಒಮ್ಮೆಯೂ ಬಂದಿಲ್ಲ. ಒಬ್ಬ ಹೆಣ್ಣುಮಗಳಂತೂ ಅಂಥದೇ ಗಾಲಿಚಾ ಬೇಕೆಂದು ಹೈದರಾಬಾದಿನ ಅಂಗಡಿಗಳನ್ನೆಲ್ಲ ಹುಡುಕಿ, ಬಿಲ್ಲೆಯಿಲ್ಲದ್ದು ಸಿಕ್ಕಿತೆಂದು ಬಿಟ್ಟು ಬಂದಳಂತೆ. ಇದು ನಾನು ಕಂಡದ್ದಲ್ಲ, ಕೇಳಿದ್ದು.

ನನ್ನ ಹೇಳಿಕೆ ಇಷ್ಟು. ಇಸ್ತ್ರಿ ಅಂಗಡಿಯ ಕೆಂಡದ ವಾಸನೆ ಬಂದರೆ ಈಗಲೂ ನಾನು ರಸ್ತೆಯ ಆ ಬದಿಗೆ ದಾಟುತ್ತೇನೆ.

ಹುಮನಾಬಾದಿನಲ್ಲಿ ಮೊದಲ ಬಿಲ್ಲೆ ಬಿದ್ದದ್ದನ್ನು ಕಣ್ಣಾರೆ ಕಂಡವರು ಇಬ್ಬರು. ಅವರಲ್ಲಿ ಆಯಿ ಹೋದ ಚಳಿಗಾಲದಲ್ಲಿ ತೀರಿಕೊಂಡರು, ಆ ಗಾಲಿಚಾ ಮೇಲೆ ಕಾಲು ಬೆಚ್ಚಗಿಟ್ಟುಕೊಂಡು. ಉಳಿದವರು ಬೀಗತಿ ಒಬ್ಬರೇ, ಅವರು ಹುಮನಾಬಾದಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ, ಕೇಳಿದರೆ ಕಂಪನಿಯ ಹೆಸರು ಹೇಳುತ್ತಾರೆ. ಎರಡನೆಯದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಅಕ್ಕ ಇದ್ದಾಳೆ, ಬಸವಕಲ್ಯಾಣದ ಅದೇ ಮನೆಯಲ್ಲಿ, ಅದೇ ತಂಬಿಗೆಯ ಜೊತೆ. ಅವಳ ಮಗಳಿದ್ದಾಳೆ. ಮತ್ತೆ ಅವತ್ತು ಅವಳ ಸೊಂಟದ ಮೇಲೆ ಕೇಕೆ ಹಾಕಿದ ಕೂಸು. ಅವನು ಈಗ ಅಂಗನವಾಡಿಗೆ ಹೋಗುತ್ತಾನೆ, ಎರಡು ಬಿಲ್ಲೆಗಳ ನಡುವೆ ಆಟದ ಬಸ್ಸು ಬಿಡುತ್ತಾನೆ. ಒಂದು ಬಿಲ್ಲೆ ಬಸವಕಲ್ಯಾಣ, ಇನ್ನೊಂದು ಹುಮನಾಬಾದ್.